ಪ್ಯಾಂಕ್ರಿಯಾಸ್ ಊತ ಇಳಿದ ಮೇಲೂ ತಿಂದದ್ದು ಮೈಗೆ ಹತ್ತುತ್ತಿಲ್ಲ, ಯಾಕೆ?

ನಿಮ್ಮ ತಂದೆಯವರಿಗೆ ಪ್ಯಾಂಕ್ರಿಯಾಟೈಟಿಸ್ (ಪ್ಯಾಂಕ್ರಿಯಾಸ್ ಊತ) ನೋವು ಹೋಗಿದೆ, ಆದರೂ ತೂಕ ಇಳಿಯುತ್ತಲೇ ಇದೆ ಎಂದಿದ್ದೀರಿ. ಜೀರ್ಣಕ್ಕೆ ಬೇಕಾದ ಕಿಣ್ವಗಳು ಸಾಲದಿರಬಹುದು.

ಈ ಕಿಣ್ವಗಳನ್ನು ತಯಾರಿಸಿ ಸಣ್ಣ ಕರುಳಿಗೆ ಕಳಿಸುವುದು ಮೇದೋಜೀರಕ ಗ್ರಂಥಿ, ಅಂದರೆ ಪ್ಯಾಂಕ್ರಿಯಾಸ್. ಊತದಿಂದ ಅದರ ಜೀವಕೋಶಗಳು ಸತ್ತರೆ ದೊಡ್ಡ ಪೆಟ್ಟು ಬೀಳುವುದು ಕೊಬ್ಬು ಅರಗಿಸುವ ಲೈಪೇಸ್‌ಗೆ. ಅನ್ನ, ಮುದ್ದೆಯ ಪಿಷ್ಟಕ್ಕೆ ಎಂಜಲಿನ ಕಿಣ್ವದ ಆಸರೆಯಾದರೂ ಇದೆ. ಅರಗದ ಕೊಬ್ಬು ಹಾಗೇ ಹೊರಗೆ ಬರುತ್ತದೆ: ಬಿಳಿಚಿದ, ಜಿಡ್ಡಾದ, ತುಂಬ ವಾಸನೆಯ ಮಲ. ನೀರು ಹಾಕಿದರೂ ಕಮೋಡ್‌ಗೆ ಅಂಟಿರುತ್ತದೆ. ಜೊತೆಗೆ ಎ, ಡಿ, ಇ, ಕೆ ವಿಟಮಿನ್‌ಗಳೂ ಪೋಲಾಗುತ್ತವೆ. ಮುಜುಗರ ಬಿಟ್ಟು ಇದನ್ನೆಲ್ಲ ಡಾಕ್ಟರಿಗೆ ಹೇಳಿ.

ಮಲದ ಎಲಾಸ್ಟೇಸ್ ಪರೀಕ್ಷೆ ಮಾಡಿಸುತ್ತಾರೆ; ಎಲಾಸ್ಟೇಸ್ ಕೂಡ ಪ್ಯಾಂಕ್ರಿಯಾಸ್‌ನದೇ ಒಂದು ಕಿಣ್ವ. ಗ್ರಾಂಗೆ 200 ಮೈಕ್ರೋಗ್ರಾಂಗಿಂತ ಕಡಿಮೆ ಬಂದರೆ ಕಿಣ್ವ ಸಾಲುತ್ತಿಲ್ಲ ಎಂಬ ಅನುಮಾನ, 100ಕ್ಕಿಂತ ಕಡಿಮೆಯಾದರೆ ಅನುಮಾನ ಇನ್ನೂ ಜಾಸ್ತಿ. ನೀರಾಗಿ ಭೇದಿಯಾಗುತ್ತಿದ್ದರೆ ಮಾತ್ರ ಈ ಅಂಕಿ ಸುಮ್ನೆ ಕಡಿಮೆ ತೋರಿಸಬಹುದು.

ಔಷಧ ಪ್ಯಾಂಕ್ರಿಯಾಟಿನ್ ಕ್ಯಾಪ್ಸೂಲ್, ಅಂದರೆ ಕಡಿಮೆಯಾದ ಆ ಕಿಣ್ವಗಳನ್ನೇ ತುಂಬಿದ ಕ್ಯಾಪ್ಸೂಲ್. ದೊಡ್ಡವರಿಗೆ ಊಟಕ್ಕೆ ಸಾಮಾನ್ಯವಾಗಿ 40,000ದಿಂದ 50,000 ಯೂನಿಟ್ ಲೈಪೇಸ್, ಊಟಗಳ ನಡುವೆ ತಿನ್ನುವ ಸಣ್ಣಪುಟ್ಟ ತಿನಿಸಿಗೆ ಅದರ ಅರ್ಧದಿಂದ ಶುರು ಮಾಡುತ್ತಾರೆ. ಎಷ್ಟೋ ಜನ ಎಡವುವುದು ತೆಗೆದುಕೊಳ್ಳುವ ಹೊತ್ತಿನಲ್ಲಿ. ಊಟಕ್ಕೆ ಅರ್ಧ ಗಂಟೆ ಮೊದಲು ಬೇಡ, ಊಟವಾಗಿ ಕೈ ತೊಳೆದ ಮೇಲೂ ಬೇಡ. ಮೊದಲ ತುತ್ತಿನ ಜೊತೆಗೇ ನುಂಗಬೇಕು. ಎರಡಿದ್ದರೆ ಇನ್ನೊಂದು ಊಟದ ನಡುವೆ. ಅಗಿಯಬಾರದು, ಬಿಸಿ ಕಾಫಿ ಜೊತೆಗೂ ಬೇಡ.

ತುಪ್ಪ, ಎಣ್ಣೆ ಪೂರ್ತಿ ಬಿಡಿಸಿ ಅವರನ್ನು ಇನ್ನಷ್ಟು ಸೊರಗಿಸಬೇಡಿ. ಕುಡಿತ, ಬೀಡಿ-ಸಿಗರೇಟು ಮಾತ್ರ ಬಿಡಲೇಬೇಕು. ಸಕ್ಕರೆಯನ್ನೂ ಪರೀಕ್ಷೆ ಮಾಡಿಸಿ, ಇನ್ಸುಲಿನ್ ಬರುವುದೂ ಇದೇ ಗ್ರಂಥಿಯಿಂದ ಅಲ್ವಾ.