ನಮ್ಮೂರ ಲೈಬ್ರರಿಗೆ ವಿಲ್‌ನಲ್ಲಿ ಸ್ವಲ್ಪ ಹಣ, ಪುಸ್ತಕ ಬಿಟ್ಟುಹೋಗಬಹುದೇ?

ಖಂಡಿತ ಬಿಡಬಹುದು. ಆದರೆ ‘ನಮ್ಮೂರ ಲೈಬ್ರರಿಗೆ’ ಎಂದಷ್ಟೇ ಬರೆದರೆ ಆಗುವುದಿಲ್ಲ. ನೀವು ದಿನಾ ಪೇಪರ್ ಓದುವ ಶಾಖೆಗೆ ಕಾನೂನಿನ ಪ್ರಕಾರ ಬೇರೆ ಅಸ್ತಿತ್ವ ಇರುವುದಿಲ್ಲ. ಕರ್ನಾಟಕದ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಲ್ಲಿ ನಗರ ಮತ್ತು ಜಿಲ್ಲಾ ಗ್ರಂಥಾಲಯ ಪ್ರಾಧಿಕಾರಗಳಿವೆ. ಹಳ್ಳಿಯ ಲೈಬ್ರರಿಯಾದರೆ ಈಗ ಗ್ರಾಮ ಪಂಚಾಯಿತಿಯ ಕೈಯಲ್ಲಿದೆ. ಆ ಹೆಸರನ್ನೇ ಬರೆದು, ಹಣ ಯಾವ ಶಾಖೆಗೆ, ಯಾತಕ್ಕೆ ಎಂದು ಸೇರಿಸಿ.

ವಿಲ್‌ಗೆ ಸ್ಟಾಂಪ್ ಪೇಪರ್ ಬೇಡ, ನೋಂದಣಿಯೂ ಕಡ್ಡಾಯವಲ್ಲ. ನಿಮ್ಮ ಸಹಿಯ ಜೊತೆ ಇಬ್ಬರು ಸಾಕ್ಷಿಗಳ ಸಹಿ ಮಾತ್ರ ಬೇಕೇ ಬೇಕು. ಆದರೂ ನೋಂದಣಿ ಮಾಡಿಸಿಬಿಡಿ, ಆಮೇಲೆ ತಕರಾರು ಕಡಿಮೆ. ಹಿಂದೂ ಕಾನೂನಿನಲ್ಲಿ ಸ್ವಂತ ದುಡಿಮೆಯ ಆಸ್ತಿ ಪೂರ್ತಿ ನಿಮ್ಮಿಷ್ಟ. ಪಿತ್ರಾರ್ಜಿತವಾದರೆ ನಿಮ್ಮ ಪಾಲು ಮಾತ್ರ. ಇನ್ನೊಂದು, ಬ್ಯಾಂಕಿನ ಎಫ್‌ಡಿಗೆ ಮಗ ನಾಮಿನಿ ಆಗಿದ್ದರೆ ಹಣ ಮೊದಲು ಅವನ ಕೈಗೇ ಹೋಗುತ್ತದೆ. ಹಾಗಾಗಿ ಮನೆಯವರಿಗೆ ಈಗಲೇ ಹೇಳಿಡಿ.

ಪುಸ್ತಕದ ವಿಷಯ ಬೇರೆ. ಬೆಂಗಳೂರಿನ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಒಮ್ಮೆ ನನಗೆ ಒಂದು ಹಳೇ ಕಾದಂಬರಿ ಸಿಕ್ಕಿತ್ತು. ಒಳಗೆ ನೀಲಿ ಶಾಯಿಯಲ್ಲಿ ‘ತಂದೆಯವರ ನೆನಪಿಗೆ’, ಪಕ್ಕದಲ್ಲೇ ಯಾವುದೋ ಲೈಬ್ರರಿಯ ಮೊಹರು. ಹೊಟ್ಟೆ ಚುರ್ ಅಂದಿತು. ತಪ್ಪು ಯಾರದ್ದೂ ಅಲ್ಲ ಅನ್ನಿ, ಲೈಬ್ರರಿಗಳಲ್ಲಿ ಜಾಗವೇ ಇರುವುದಿಲ್ಲ. ಅದಕ್ಕೇ ನಿಮ್ಮ ಪುಸ್ತಕಗಳ ಪಟ್ಟಿ ಮಾಡಿ ಲೈಬ್ರರಿಯನ್‌ಗೆ ಬದುಕಿರುವಾಗಲೇ ತೋರಿಸಿ. ಅವರು ಬೇಕು ಎಂದದ್ದನ್ನು ಈಗಲೇ ಕೊಟ್ಟುಬಿಡಿ, ಹಣವನ್ನು ವಿಲ್‌ಗೆ ಇಟ್ಟುಕೊಳ್ಳಿ.