ಬಾನೆಟ್ ಬೆಚ್ಚಗಿತ್ತು

ದಿನಾ ಆಫೀಸಿಗೆ ಓಡಿಸಬೇಕು, ಓಡಿಸಿದರೆ ಮಜಾ ಬರಬೇಕು, ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಿ ಬಲ ಕೂಡಿಸುವ ಭಾಗ) ಇರಲೇಬೇಕು, ದುಡ್ಡು ಕಮ್ಮಿ ಇದೆ, ಭಾನುವಾರ ಒಂದು ಹಳೇ ಕಾರು ನೋಡೋಕೆ ಹೋಗ್ತಿದ್ದೀನಿ, ತಗೊಳ್ಳಲಾ ಅಂತ ಕೇಳಿದ್ದೀರಿ. ಆರು ವರ್ಷದ ಹಿಂದೆ ನಾನೇ ಬರೆದ ಹಾಗಿದೆ. ನಾನು ಯಾರನ್ನೂ ಕೇಳಲಿಲ್ಲ, ಅದೊಂದೇ ವ್ಯತ್ಯಾಸ.

ಆಗ ನಾನು ತಗೊಂಡಿದ್ದು 11 ವರ್ಷ ಹಳೆಯ ಹ್ಯಾಚ್‌ಬ್ಯಾಕ್. ಚಿಕ್ಕ ಟರ್ಬೊ ಎಂಜಿನ್, ಆರು ಗೇರು, ಕೆಂಪು ಬಣ್ಣ. ಕಂಪನಿ ಹೆಸರು ಬೇಡ, ತಪ್ಪು ನನ್ನದೇ. ಬೆಳಿಗ್ಗೆ ಎಂಟೂವರೆಗೆ ಮಾರುವವರ ಮನೆ ಮುಂದೆ ನಿಂತಿದ್ದೆ. ಒಳ್ಳೇ ಚಳಿ. ಕಾರನ್ನು ತೊಳೆದು ಹೊರಗೇ ನಿಲ್ಲಿಸಿದ್ದರು. ಮಾತಾಡ್ತಾ ಮಾತಾಡ್ತಾ ಬಾನೆಟ್ ಮೇಲೆ ಕೈ ಇಟ್ಟೆ. ಬೆಚ್ಚಗಿತ್ತು. ಅಂಗೈಗೆ ಹಿತವಾಯಿತು ನೋಡಿ, ಇನ್ನೊಂದು ಕೈಯನ್ನೂ ಇಟ್ಟೆ! "ಈಗ ತಾನೇ ಒಂದು ರೌಂಡ್ ಹೋಗಿ ಬಂದೆ ಸಾರ್, ಗಾಡಿ ರೆಡಿ ಇದೆ" ಅಂದರು. ಎಷ್ಟು ಒಳ್ಳೆಯವರು ಅಂದುಕೊಂಡೆ.

ಎರಡನೇ ಗೇರಿನಲ್ಲಿ ಎಕ್ಸಲರೇಟರ್ ಒತ್ತಿದಾಗ ಟರ್ಬೊ ಎಳೆದ ಎಳೆತಕ್ಕೆ ಬೆನ್ನು ಸೀಟಿಗೆ ಅಂಟಿತು. ಅಲ್ಲಿಗೆ ನನ್ನ ಚೌಕಾಸಿ ಮುಗಿದ ಹಾಗೆ. ಕೂಡಿಟ್ಟಿದ್ದನ್ನೆಲ್ಲ ಕೊಟ್ಟು ಮನೆಗೆ ತಂದೆ.

ಮಾರನೇ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ತಗಡಿನ ಡಬ್ಬಿಯಲ್ಲಿ ಮೊಳೆ ಹಾಕಿ ಅಲ್ಲಾಡಿಸಿದಂಥ ಸದ್ದು. ಎರಡೇ ಸೆಕೆಂಡ್. ಆಮೇಲೆ ಏನೂ ಇಲ್ಲ. ಕನ್ನಡಿಯಲ್ಲಿ ಸೈಲೆನ್ಸರ್ ಕಡೆಯಿಂದ ತೆಳ್ಳಗೆ ನೀಲಿ ಹೊಗೆ ಕಂಡಿತು, ಅದೂ ಹೋಯಿತು. ಹಳೇ ಕಾರಲ್ವಾ ಅಂತ ಸುಮ್ಮನಾದೆ. ಮೂರನೇ ವಾರಕ್ಕೆ ಎಂಜಿನ್ ಲೈಟ್ ಬಂತು.

ಮೆಕ್ಯಾನಿಕ್ ಕೇಳಿದ ಮೊದಲ ಪ್ರಶ್ನೆ: "ತಗೊಳ್ಳೋವಾಗ ಬೆಳಿಗ್ಗೆ ಸ್ಟಾರ್ಟ್ ಮಾಡಿ ನೋಡಿದ್ರಾ ಸಾರ್?"

"ಬೆಳಿಗ್ಗೇನೇ ನೋಡಿದ್ದು."

"ಬೆಳಿಗ್ಗೆ ಅಂದ್ರೆ ಹೊತ್ತಲ್ಲ ಸಾರ್. ತಣ್ಣಗಿದ್ದಾಗ ನೋಡಿದ್ರಾ?"

ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಬೇಜಾರಾದರೂ ಓದಿ. ರಾತ್ರಿಯಿಡೀ ಕಾರು ನಿಂತರೆ ಮೇಲಿನ ಆಯಿಲ್ ಇಳಿದು ಕೆಳಗಿನ ಸಂಪ್ ಸೇರುತ್ತೆ. ನನ್ನ ಎಂಜಿನ್ನಿನಲ್ಲಿ ಇದ್ದದ್ದು ಟೈಮಿಂಗ್ ಚೈನ್, ಅಂದರೆ ಗಾಳಿ ಒಳಗೆ, ಹೊಗೆ ಹೊರಗೆ ಬಿಡುವ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸುವ ಸರಪಳಿ. ಅದು ಸಡಿಲವಾಗದ ಹಾಗೆ ಬಿಗಿ ಹಿಡಿಯೋಕೆ ಒಂದು ಟೆನ್ಶನರ್ ಇರುತ್ತೆ, ಅದಕ್ಕೆ ಬಲ ಬರೋದು ಆಯಿಲ್ ಒತ್ತಡದಿಂದ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಗಳಿಗೆಯಲ್ಲಿ ಆ ಒತ್ತಡ ಇನ್ನೂ ಬಂದಿರೋದಿಲ್ಲ. ಚೈನ್ ಸವೆದಿದ್ದರೆ, ಟೆನ್ಶನರ್ ಸೋತಿದ್ದರೆ, ಆಗ ಚೈನ್ ಅತ್ತಿತ್ತ ಬಡಿಯುತ್ತೆ. ಒತ್ತಡ ಏರಿದ ಕೂಡಲೇ ಸದ್ದು ನಿಲ್ಲುತ್ತೆ. ನೀಲಿ ಹೊಗೆಯದ್ದೂ ಇದೇ ಕಥೆ. ವಾಲ್ವ್‌ಗಳ ಆಯಿಲ್ ಸೀಲು ಗಟ್ಟಿಯಾಗಿ ಹೋಗಿದ್ದರೆ ರಾತ್ರಿ ತೊಟ್ಟು ತೊಟ್ಟಾಗಿ ಆಯಿಲ್ ಒಳಗೆ ಇಳಿದಿರುತ್ತೆ, ಮೊದಲ ಸ್ಟಾರ್ಟಿನಲ್ಲಿ ಉರಿದು ಹೋಗುತ್ತೆ. ಅಂದರೆ ಈ ಎರಡು ರೋಗವೂ ದಿನಕ್ಕೆ ಒಂದೇ ಸಲ, ಕೆಲವೇ ಸೆಕೆಂಡ್ ಮುಖ ತೋರಿಸೋದು. ಅರ್ಧ ಗಂಟೆ ಮುಂಚೆ ಒಂದು ರೌಂಡ್ ಹೊಡೆದು ಬಂದರೆ ಮುಗೀತು, ಎಂಥವನಿಗೂ ಗೊತ್ತಾಗಲ್ಲ. ನನ್ನ ಅಂಗೈ ಬೆಚ್ಚಗಾಗಿದ್ದು ಆ ರೌಂಡಿನಿಂದ.

ಚೈನ್ ಒಂದು ಹಲ್ಲು ಜಾರಿದರೂ ಟೈಮಿಂಗ್ ತಪ್ಪುತ್ತೆ. ಇನ್ನೂ ಜಾಸ್ತಿ ಜಾರಿದರೆ ಎಷ್ಟೋ ಎಂಜಿನ್‌ಗಳಲ್ಲಿ ಪಿಸ್ಟನ್ನಿಗೂ ವಾಲ್ವಿಗೂ ಡಿಕ್ಕಿ. ನನಗೆ ಅಲ್ಲಿಯವರೆಗೆ ಹೋಗಲಿಲ್ಲ. ಆದರೂ ಚೈನು, ಟೆನ್ಶನರು, ಗೈಡು, ಸೀಲು ಎಲ್ಲ ಸೇರಿ ಬಿಲ್ಲು ಕಾರಿಗೆ ಕೊಟ್ಟಿದ್ದರ ಮೂರನೇ ಒಂದು ಭಾಗ. ಅದರಲ್ಲಿ ಕೂಲಿಯೇ ಜಾಸ್ತಿ, ಎಂಜಿನ್ನಿನ ಮುಂಭಾಗ ಪೂರ್ತಿ ಬಿಚ್ಚಬೇಕಲ್ಲ. ಕೈಯಲ್ಲಿ ಕಾಸಿಲ್ಲ. ಎರಡು ತಿಂಗಳು ಕೆಂಪು ಕಾರು ಗ್ಯಾರೇಜಿನ ಮೂಲೆಯಲ್ಲಿ, ನಾನು ಬಸ್ಸಿನಲ್ಲಿ.

ಹಾಗಾಗಿ ಟರ್ಬೊ ಇರಲೇಬೇಕು ಅನ್ನೋದನ್ನ ಮೊದಲು ಬಿಡಿ. ಚೆನ್ನಾಗಿ ನೋಡಿಕೊಂಡರೆ ಟರ್ಬೊ ಬಾಳಿಕೆ ಬರುತ್ತೆ ಅಂತ ಯಾರಾದರೂ ಹೇಳ್ತಾರೆ. ನಿಜ. ಆದರೆ ಹತ್ತು ವರ್ಷ ಅದನ್ನು ನೋಡಿಕೊಂಡಿದ್ದು ನೀವಲ್ಲ. ಮಜಾ ಬರೋದು ಹಗುರವಾದ ಮೈ, ಕೈಗೆ ಸಿಗುವ ಗೇರು, ನೆಟ್ಟಗಿರುವ ಸ್ಟೀರಿಂಗ್‌ನಿಂದ. 1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5 ಅನ್ನೋ ಸ್ಪೋರ್ಟ್ಸ್ ಕಾರು ನೋಡಿ: 1.6 ಲೀಟರ್, ಟರ್ಬೊ ಇಲ್ಲ, ತೂಕ ಒಂದು ಟನ್ನಿಗಿಂತ ಕಮ್ಮಿ. ಇವತ್ತಿಗೂ ಜನ ಅದನ್ನು ಹುಡುಕಿಕೊಂಡು ಹೋಗ್ತಾರೆ. ಅದನ್ನೇ ತಗೊಳ್ಳಿ ಅಂತಲ್ಲ, ಎರಡೇ ಸೀಟು, ದಿನದ ಓಡಾಟಕ್ಕೆ ಕಷ್ಟ. ಈಗ ನನ್ನ ಹತ್ತಿರ ಇರೋದು ಟರ್ಬೊ ಇಲ್ಲದ ಸಾಧಾರಣ ಚಿಕ್ಕ ಕಾರು, ಐದು ಗೇರು. ದುಡ್ಡಿನಲ್ಲಿ ಕಾಲು ಭಾಗ ಎತ್ತಿಟ್ಟು ಉಳಿದದ್ದರಲ್ಲಿ ಕೊಂಡೆ. ಎತ್ತಿಟ್ಟಿದ್ದರಲ್ಲಿ ಸಸ್ಪೆನ್ಷನ್ ಬುಷ್, ಬ್ರೇಕ್ ಪ್ಯಾಡ್, ನಾಲ್ಕು ಒಳ್ಳೇ ಟೈರು. ಹಳೇ ಟೈರಿನ ಪಕ್ಕದಲ್ಲಿ 3114 ಅಂತಿತ್ತು, ಅಂದರೆ 2014ರ 31ನೇ ವಾರ ತಯಾರಾದದ್ದು. ಮೇಲೆ ಗೆರೆ ಚೆನ್ನಾಗೇ ಇತ್ತು, ರಬ್ಬರ್ ಮಾತ್ರ ಕಲ್ಲು. ಟೈರ್ ಬದಲಾಯಿಸಿದ ದಿನ ಬೇರೆ ಕಾರನ್ನೇ ಓಡಿಸಿದ ಹಾಗಾಯಿತು. ಎರಡನೇ ಗೇರಿನಲ್ಲಿ ಎಂಜಿನ್ ಅರಚುವ ತನಕ ಒತ್ತಿದರೂ ಪಕ್ಕದವರು ತಿರುಗಿ ನೋಡಲ್ಲ, ನನಗೆ ಮಾತ್ರ ರೇಸಿಗೆ ಹೋದ ಖುಷಿ.

ಕಾರಿನ ಕಂಪ್ಯೂಟರಿಗೆ ಸಿಕ್ಕಿಸಿ ದೋಷ ಓದುವ ಒಂದು ಚಿಕ್ಕ ಸ್ಕ್ಯಾನರ್ ಕೂಡ ಒಯ್ಯಿರಿ. ಎಂಜಿನ್ ಲೈಟ್ ಇಲ್ಲ ಅಂದ ಮಾತ್ರಕ್ಕೆ ದೋಷ ಇಲ್ಲ ಅಂತಲ್ಲ, ದೋಷದ ದಾಖಲೆಯನ್ನ ಅಳಿಸಿರಬಹುದು. ಕಾರು ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುವ ಪಟ್ಟಿ ಅದರಲ್ಲಿ ಕಾಣುತ್ತೆ. ಪಟ್ಟಿಯಲ್ಲಿ ಸುಮಾರು ಪರೀಕ್ಷೆಗಳು ಇನ್ನೂ ಮುಗಿದಿಲ್ಲ ಅಂತ ತೋರಿಸಿದರೆ, ಇತ್ತೀಚೆಗೆ ಯಾರೋ ಅಳಿಸಿದ್ದಾರೆ ಅಥವಾ ಬ್ಯಾಟರಿ ತೆಗೆದಿದ್ದಾರೆ.

ಶನಿವಾರ ರಾತ್ರಿಯೇ ಫೋನ್ ಮಾಡಿ, ನಾನು ಬರೋ ತನಕ ಸ್ಟಾರ್ಟ್ ಮಾಡಬೇಡಿ ಅಂತ ಹೇಳಿ. ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮೊದಲೇ ಹೋಗಿ. ಮಾತಿಗೆ ಮುಂಚೆ ಬಾನೆಟ್ ಮುಟ್ಟಿ. ಬೆಚ್ಚಗಿದ್ದರೆ ಜಗಳ ಬೇಡ, ನಾಳೆ ಬೆಳಿಗ್ಗೆ ಬರ್ತೀನಿ, ಅಲ್ಲಿ ತನಕ ಹೀಗೇ ನಿಂತಿರಲಿ ಅನ್ನಿ. ಅದಕ್ಕೆ ಅವರು ಏನು ಹೇಳ್ತಾರೆ ಅಂತ ಸ್ವಲ್ಪ ಕೇಳಿಸಿಕೊಳ್ಳಿ.