ಅಣುಸ್ಥಾವರದಲ್ಲಿ ಗ್ಯಾಸ್ ಸೇಫ್ಟಿ ಸಿಸ್ಟಮ್ ಅಪ್‌ಗ್ರೇಡ್ ಅಂದ್ರೆ ಏನ್ ಮಾಡ್ತಾರೆ? ಅಲ್ಲಿ ಕೆಲಸಕ್ಕೆ ಹೋಗೋದು ಅಪಾಯನಾ?

ನಿಮ್ಮ ತಮ್ಮನಿಗೆ ಅಣುಸ್ಥಾವರದಲ್ಲಿ ಗ್ಯಾಸ್ ಲೈನ್ ಅಪ್‌ಗ್ರೇಡ್ ಮಾಡೋ ಕಾಂಟ್ರಾಕ್ಟರ್ ಹತ್ರ ಫಿಟ್ಟರ್ ಕೆಲಸ ಸಿಕ್ಕಿದೆ, ಅಣುಸ್ಥಾವರದಲ್ಲಿ ಗ್ಯಾಸ್ ಯಾಕಿರುತ್ತೆ ಅಂತ್ಲೇ ಗೊತ್ತಿಲ್ಲ, ಮನೇಲಿ ಅಮ್ಮ ಹೆದರ್ಕೊಂಡಿದಾರೆ ಅಂತ ಬರೆದಿದೀರ. ನಾನು ಅಣುಸ್ಥಾವರದೋನಲ್ಲ, ಕಲ್ಲಿದ್ದಲಿನ ಥರ್ಮಲ್ ಪ್ಲಾಂಟಲ್ಲಿ 14 ವರ್ಷ ಇನ್‌ಸ್ಟ್ರುಮೆಂಟೇಶನ್ ನೋಡ್ಕೊಂಡೋನು. ಆದ್ರೆ ಟರ್ಬೈನ್ ಹಾಲ್ ಒಳಗೆ ಕಾಲಿಟ್ರೆ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ಲೋಕ, ಜನರೇಟರ್ ಒಳಗಿರೋ ಹೈಡ್ರೋಜನ್ನೂ ಅದೇ, ಹಾಗಾಗಿ ನನಗೆ ಗೊತ್ತಿರೋದನ್ನ ಹೇಳ್ತೀನಿ.

ಮೊದಲು ಗ್ಯಾಸ್ ಯಾಕೆ ಅನ್ನೋದು. ನಮ್ಮ ಕೈಗಾನೇ ತಗೊಳ್ಳಿ, ಕಾಳಿ ನದಿ ದಡದಲ್ಲಿ 220 ಮೆಗಾವ್ಯಾಟಿನ ನಾಲ್ಕು ಯೂನಿಟ್. ಒಂದೊಂದು ರಿಯಾಕ್ಟರಲ್ಲಿ 306 ಇಂಧನದ ಕೊಳವೆಗಳು, ಒಂದೊಂದು ಕೊಳವೆ ಸುತ್ತ ಇನ್ನೊಂದು ಕೊಳವೆ, ಎರಡರ ಮಧ್ಯದ ಸಂದಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಹರೀತಾ ಇರುತ್ತೆ. ಒಳಗಿನ ಕೊಳವೆ ಕೂದಲೆಳೆಯಷ್ಟು ಬಿರುಕು ಬಿಟ್ರೂ ಆ ಗ್ಯಾಸಲ್ಲಿ ತೇವ ಜಾಸ್ತಿಯಾಗಿ ಅಲಾರ್ಮ್ ಹೊಡೆಯುತ್ತೆ, ಅಂದ್ರೆ ಗ್ಯಾಸೇ ಅಲ್ಲಿ ಕಾವಲುಗಾರ. ಮಾಡರೇಟರ್, ಅಂದ್ರೆ ನ್ಯೂಟ್ರಾನ್‌ಗಳ ವೇಗ ತಗ್ಗಿಸೋ ಭಾರಜಲ, ಅದರ ಮೇಲೆ ಹೀಲಿಯಂ ಇರುತ್ತೆ. ರಿಯಾಕ್ಟರ್ ನಿಲ್ಲಿಸೋ ಎರಡನೇ ವ್ಯವಸ್ಥೆಯಲ್ಲಿ ಬೋರಾನ್ ಇರೋ ದ್ರಾವಣವನ್ನ ಒಳಗೆ ತಳ್ಳೋದು ಕೂಡ ಹೀಲಿಯಂ ಒತ್ತಡನೇ. ಇವುಗಳ ಜೊತೆ ನೈಟ್ರೋಜನ್, ವಾಲ್ವ್ ಆಡಿಸೋಕೆ ಇನ್‌ಸ್ಟ್ರುಮೆಂಟ್ ಏರ್, ಅಂದ್ರೆ ಒತ್ತಡದ ಗಾಳಿ. ಇವ್ಯಾವೂ ಉರಿಯೋ ಗ್ಯಾಸ್ ಅಲ್ಲ.

ಉರಿಯೋದು ಹೈಡ್ರೋಜನ್. ಜನ ಅಣುಸ್ಥಾವರ ಅಂದ ತಕ್ಷಣ ರಿಯಾಕ್ಟರ್ ಗುಮ್ಮಟದ ಕಡೆ ನೋಡ್ತಾರೆ, ಆದ್ರೆ ದಿನನಿತ್ಯ ಹೈಡ್ರೋಜನ್ ತುಂಬ್ಕೊಂಡು ಕೂತಿರೋದು ಪಕ್ಕದ ಟರ್ಬೈನ್ ಹಾಲಲ್ಲಿರೋ ಜನರೇಟರ್. ಗಾಳಿಗಿಂತ ಸುಮಾರು ಏಳು ಪಟ್ಟು ಚೆನ್ನಾಗಿ ಶಾಖ ಎಳ್ಕೊಂಡು ಹೋಗುತ್ತೆ, ತುಂಬ ಹಗುರ, ಹಾಗಾಗಿ ತಿರುಗೋ ರೋಟರ್ ತಂಪು ಮಾಡೋಕೆ ಅದನ್ನ ಬಳಸ್ತಾರೆ. ಗಾಳಿಯಲ್ಲಿ 4%ನಿಂದ 75%ವರೆಗೆ ಬೆರೆತ್ರೆ ಹೊತ್ಕೊಳ್ಳುತ್ತೆ. ಜನರೇಟರ್ ಒಳಗೆ 98%ನಷ್ಟು ಶುದ್ಧವಾಗಿ ಇಟ್ಟಿರ್ತಾರೆ, ಅಲ್ಲಿ ಉರಿಯೋಕೆ ಬೇಕಾದಷ್ಟು ಗಾಳಿನೇ ಇಲ್ಲ, ಹಾಗಾಗಿ ಭಯ ಇಲ್ಲ. ಭಯ ಇರೋದು ಶಾಫ್ಟ್ ಹೊರಗೆ ಬರೋ ಜಾಗದಲ್ಲಿ. ಅಲ್ಲಿ ಹೈಡ್ರೋಜನ್ ಹೊರಗೆ ಬರದ ಹಾಗೆ ತಡೆಯೋದು ಒತ್ತಡದಲ್ಲಿ ತಳ್ತಾ ಇರೋ ಎಣ್ಣೆಯ ಒಂದು ತೆಳು ಪದರ ಅಷ್ಟೇ, ಸೀಲ್ ಆಯಿಲ್ ಅಂತಾರೆ, ಆ ಪಂಪ್ ನಿಂತ್ರೆ ತಡೆಯೇ ಇಲ್ಲ.

ಇದು ಎಷ್ಟು ದೂರ ಹೋಗಬಹುದು ಅನ್ನೋದಕ್ಕೆ ಉತ್ತರ ಪ್ರದೇಶದ ನರೋರಾ ಅಣುಸ್ಥಾವರ ನೋಡಿ. 1993 ಮಾರ್ಚ್ 31, ಬೆಳಗಿನ ಜಾವ ಮೂರೂವರೆ. ಒಂದನೇ ಯೂನಿಟ್ ಟರ್ಬೈನಿನ ಎರಡು ಬ್ಲೇಡ್ ಮುರಿದ್ವು, ಟರ್ಬೈನ್ ತೂಕ ತಪ್ಪಿ ಅಲುಗಾಡಿದ ಹೊಡೆತಕ್ಕೆ ಹೈಡ್ರೋಜನ್ ಪೈಪು ಸೀಲು ಎಲ್ಲ ಕಿತ್ಕೊಂಡು ಬಂದು ಬೆಂಕಿ ಹತ್ತಿತು, ಎಣ್ಣೆಗೂ ಹತ್ತಿತು, ಆಮೇಲೆ ಕೇಬಲ್ ಹಿಡ್ಕೊಂಡು ಮುಂದೆ ಓಡಿತು. ಕಂಟ್ರೋಲ್ ರೂಮಿಗೆ ಹೊಗೆ ತುಂಬಿ ಅಲ್ಲಿದ್ದೋರು ಆಚೆ ಬರಬೇಕಾಯ್ತು. ಕೇಬಲ್‌ಗಳೇ ಸುಟ್ಟು ಹೋದ ಮೇಲೆ ಡೀಸೆಲ್ ಜನರೇಟರ್ ಇದ್ರೂ ಕರೆಂಟ್ ತಲುಪಬೇಕಾದ ಕಡೆ ತಲುಪಲಿಲ್ಲ, ಹೆಚ್ಚುಕಮ್ಮಿ 17 ಗಂಟೆ ಕತ್ತಲು. ಆಪರೇಟರ್‌ಗಳು ರಿಯಾಕ್ಟರ್ ಟ್ರಿಪ್ ಮಾಡಿ ನಿಲ್ಲಿಸಿದ್ರು, ಆಮೇಲೆ ಕೆಲವರು ಟಾರ್ಚ್ ಹಿಡ್ಕೊಂಡು ಕಟ್ಟಡದ ಮೇಲಕ್ಕೆ ಹತ್ತಿ ಕೈಯಲ್ಲೇ ವಾಲ್ವ್ ತಿರುಗಿಸಿ ಬೋರಾನ್ ದ್ರಾವಣ ಕೆಳಗೆ ಬಿಟ್ರು, ಬೆಂಕಿ ಆರಿಸೋ ಡೀಸೆಲ್ ಪಂಪಿಂದ ಸ್ಟೀಮ್ ಜನರೇಟರ್‌ಗೆ ನೀರು ಕೊಟ್ರು. ವಿಕಿರಣ ಹೊರಗೆ ಬರಲಿಲ್ಲ. ಆ ಕತ್ತಲಲ್ಲಿ ಮೆಟ್ಟಿಲು ಹತ್ತಿದೋರ ಬಗ್ಗೆ ನನಗೆ ಇವತ್ತಿಗೂ ತುಂಬ ಗೌರವ. ಅವರ ಕೈಗೆ ಸಿಕ್ಕಿದ ಆ ವ್ಯವಸ್ಥೆ ಕೆಲಸ ಮಾಡಿದ್ದು ಗುರುತ್ವದಿಂದ, ಕರೆಂಟಿಂದ ಅಲ್ಲ, ಅದನ್ನ ಗಮನಿಸಿ.

ಹಾಗಾಗಿ ಯಾವುದೇ ಗ್ಯಾಸ್ ಅಪ್‌ಗ್ರೇಡ್ ಬಗ್ಗೆ ನಾನು ಕೇಳೋದು ಒಂದೇ, ಕರೆಂಟ್ ಪೂರ್ತಿ ಹೋದಾಗ ಇದು ಕೆಲಸ ಮಾಡುತ್ತಾ? ಹೊಸ ಡಿಟೆಕ್ಟರ್, ಹೊಸ ಪ್ಯಾನೆಲ್, ಸ್ಕ್ರೀನ್ ಮೇಲೆ ಬಣ್ಣಬಣ್ಣದ ಗ್ರಾಫ್ ಎಲ್ಲ ಬೇಕು. ಆದ್ರೆ ಸೀಲ್ ಆಯಿಲ್‌ಗೆ ಬ್ಯಾಟರಿ ಮೇಲೆ ಓಡೋ ಡಿಸಿ ಪಂಪ್ ಇದ್ದು, ಹೈಡ್ರೋಜನ್ ಆಚೆ ಬಿಟ್ಟು ಕಾರ್ಬನ್ ಡೈಆಕ್ಸೈಡ್ ತುಂಬೋ ತನಕ ಅದು ಓಡಬೇಕು. ಪೈಪ್ ಮುರಿದ್ರೆ ತಾನಾಗೇ ಮುಚ್ಚೋ ಎಕ್ಸೆಸ್ ಫ್ಲೋ ವಾಲ್ವ್, ಸಿಲಿಂಡರ್ ಬ್ಯಾಂಕ್ ಅಂದ್ರೆ ಹೈಡ್ರೋಜನ್ ಸಿಲಿಂಡರ್‌ಗಳ ಸಾಲಿನ ಹತ್ರನೇ ಇರಬೇಕು. ಆ ಸಿಲಿಂಡರ್ ಸಾಲು ಟರ್ಬೈನ್ ಹಾಲಿಂದ ಆಚೆ, ಗಾಳಿ ಆಡೋ ಜಾಗದಲ್ಲಿ ಇರಬೇಕು. ಒಂದೇ ಟ್ರೇಯಲ್ಲಿ ಮುಖ್ಯ ಲೈನು, ಅದರ ಬದಲಿ ಲೈನು ಎರಡೂ ಕೇಬಲ್ ಹಾಕಬಾರದು.

ಡಿಟೆಕ್ಟರ್ ಅಂದಾಗ ನಮ್ಮ ಪ್ಲಾಂಟಲ್ಲಿ ಆಗಿದ್ದು ಹೇಳ್ಬೇಕು. ಹೊಸದಾಗಿ ಹೈಡ್ರೋಜನ್ ಡಿಟೆಕ್ಟರ್ ಹಾಕಿದ್ರು, ಬಿಲ್ಲೂ ಪಾಸಾಯ್ತು, ಆದ್ರೆ ಎಲ್ಲವೂ ಮೊಣಕಾಲು ಎತ್ತರದಲ್ಲಿ. ಎಲ್‌ಪಿಜಿ ಸ್ಟೋರಿನ ಡ್ರಾಯಿಂಗನ್ನೇ ಹಾಗೇ ಇಳಿಸಿದ್ರು. ಎಲ್‌ಪಿಜಿ ಗಾಳಿಗಿಂತ ಭಾರ, ನೆಲ ಹಿಡ್ಕೊಂಡು ಹರಿಯುತ್ತೆ, ಹೈಡ್ರೋಜನ್ ಗಾಳಿಯ ಹದಿನಾಲ್ಕನೇ ಒಂದು ಭಾಗ, ನೇರ ಸೂರಿಗೆ ಹೋಗುತ್ತೆ. ತಿಂಗಳುಗಟ್ಟಲೆ ಒಂದೂ ಅಲಾರ್ಮ್ ಬರಲಿಲ್ಲ, ಎಲ್ಲ ಸರಿ ಇದೆ ಅಂದ್ಕೊಂಡ್ವಿ. ಕೊನೆಗೆ ಗೊತ್ತಾಗಿದ್ದು ಲಾಗ್ ಬುಕ್ಕಿಂದ, ವಾರಕ್ಕೆ ಬದಲಾಯಿಸೋ ಸಿಲಿಂಡರ್ ಲೆಕ್ಕ ನಿಧಾನವಾಗಿ ಏರ್ತಾ ಇತ್ತು. ಸೋಪಿನ ನೀರು ಹಚ್ಚಿ ಹುಡುಕಿದ್ರೆ ಒಂದು ಫ್ಲ್ಯಾಂಜಲ್ಲಿ, ಅಂದ್ರೆ ಪೈಪಿನ ಜೋಡಣೆಯಲ್ಲಿ, ಗುಳ್ಳೆ. ಆ ಲಾಗ್ ಬುಕ್ ನೋಡಬೇಕಾದೋರಲ್ಲಿ ನಾನೂ ಒಬ್ಬ, ಅದಕ್ಕೇ ಇದನ್ನ ಇಷ್ಟು ಒತ್ತಿ ಹೇಳ್ತಿರೋದು.

ರಿಯಾಕ್ಟರ್ ಕಡೆ ಹೈಡ್ರೋಜನ್ ಬರೋದೇ ಬೇರೆ ಥರ, ಅಪಘಾತ ಆದಾಗ. ಇಂಧನದ ಜಿರ್ಕೋನಿಯಂ ಕವಚ ವಿಪರೀತ ಕಾದು ಆವಿ ಜೊತೆ ಸೇರಿದ್ರೆ ಹೈಡ್ರೋಜನ್ ಹುಟ್ಟುತ್ತೆ. 2011ರಲ್ಲಿ ಜಪಾನಿನ ಫುಕುಶಿಮಾ ಅಣುಸ್ಥಾವರದಲ್ಲಿ ಮಾರ್ಚ್ 12ಕ್ಕೆ ಒಂದನೇ ಯೂನಿಟ್ಟಿನ ಕಟ್ಟಡ, 14ಕ್ಕೆ ಮೂರನೇದು, 15ಕ್ಕೆ ನಾಲ್ಕನೇದು ಸಿಡೀತು. ನಾಲ್ಕನೇದು ರಿಪೇರಿಗೆ ನಿಂತಿತ್ತು, ರಿಯಾಕ್ಟರಲ್ಲಿ ಇಂಧನವೇ ಇರಲಿಲ್ಲ! ಮೂರು, ನಾಲ್ಕು ಎರಡೂ ಯೂನಿಟ್ಟಿಗೆ ಒಂದೇ ಚಿಮಣಿ, ಅಲ್ಲಿ ಸೇರೋ ಪೈಪಿನಿಂದ ಮೂರನೇ ಯೂನಿಟ್ಟಿನ ಹೈಡ್ರೋಜನ್ ವಾಪಸ್ ನಾಲ್ಕಕ್ಕೆ ನುಗ್ಗಿತ್ತು. ಕರೆಂಟ್ ಹೋದಾಗ ಯಾವ ವಾಲ್ವ್ ತೆರೆದು ನಿಲ್ಲುತ್ತೆ, ಯಾವುದು ಮುಚ್ಚಿ ನಿಲ್ಲುತ್ತೆ ಅನ್ನೋ ಸಣ್ಣ ಸಂಗತಿಗೆ ಎಂಥ ಬೆಲೆ ನೋಡಿ. ಅದಾದ ಮೇಲೆ ಪ್ಯಾಸಿವ್ ರಿಕಾಂಬೈನರ್ ಅನ್ನೋ ಪೆಟ್ಟಿಗೆಗಳಿಗೆ ಎಲ್ಲ ಕಡೆ ಒತ್ತು ಬಂತು. ಪ್ಲಾಟಿನಂ ಅಥವಾ ಪಲ್ಲಾಡಿಯಂ ಲೇಪಿಸಿದ ತಗಡುಗಳು, ಹೈಡ್ರೋಜನ್ ತಾಕಿದ್ರೆ ಆಕ್ಸಿಜನ್ ಜೊತೆ ಸೇರಿಸಿ ನೀರಾವಿ ಮಾಡ್ತವೆ, ಆ ಬಿಸಿಗೆ ಗಾಳಿ ತಾನೇ ಮೇಲೆ ಎಳೆಯುತ್ತೆ. ಸ್ವಿಚ್ಚಿಲ್ಲ, ಮೋಟರಿಲ್ಲ. ನನಗೆ ತುಂಬ ಇಷ್ಟವಾದ ಉಪಕರಣ ಇದು.

ಈಗ ತಮ್ಮನ ವಿಷಯ. ವಿಕಿರಣಕ್ಕಿಂತ ಮೊದಲು ನಾನು ಹೆದರೋದು ನೈಟ್ರೋಜನ್‌ಗೆ, ಕಾರ್ಬನ್ ಡೈಆಕ್ಸೈಡ್‌ಗೆ. ನೈಟ್ರೋಜನ್‌ಗೆ ವಾಸನೆ ಇಲ್ಲ, ಉಸಿರು ಕಟ್ಟಿದ ಹಾಗೂ ಅನ್ಸಲ್ಲ, ಎರಡು ಉಸಿರಿಗೆ ಪ್ರಜ್ಞೆ ಹೋಗಬಹುದು, ಬಿದ್ದೋನನ್ನ ಎತ್ತೋಕೆ ಇಳಿದೋನೂ ಬೀಳ್ತಾನೆ. ಪರ್ಜ್ ಮಾಡಿದ, ಅಂದ್ರೆ ಇಂಥ ಗ್ಯಾಸ್ ಹಾಯಿಸಿ ಒಳಗಿದ್ದಿದ್ದನ್ನ ಹೊರಗೆ ತಳ್ಳಿದ ಟ್ಯಾಂಕ್, ಪಿಟ್, ದೊಡ್ಡ ಪೈಪ್ ಯಾವುದಕ್ಕೂ ಆಕ್ಸಿಜನ್ ಮೀಟರ್ ಇಲ್ಲದೆ, ಹೊರಗೆ ಇನ್ನೊಬ್ಬ ನಿಲ್ಲದೆ ಇಳಿಯೋದು ಬೇಡ, ಸೂಪರ್‌ವೈಸರ್ ಎಷ್ಟೇ ಅವಸರ ಮಾಡ್ಲಿ. ಹೈಡ್ರೋಜನ್ ಸಿಲಿಂಡರಿನ ಥ್ರೆಡ್ ಎಡಗಡೆಯದು, ಬರಲ್ಲ ಅಂತ ಬಲ ಹಾಕಬಾರದು. ಹೈಡ್ರೋಜನ್ ಜ್ವಾಲೆ ಹಗಲಲ್ಲಿ ಕಣ್ಣಿಗೆ ಹೆಚ್ಚುಕಮ್ಮಿ ಕಾಣ್ಸಲ್ಲ, ಸೋರೋ ಕಡೆ ಕೈ ಒಡ್ಡಿ ನೋಡೋ ಅಭ್ಯಾಸ ಇದ್ರೆ ಇವತ್ತೇ ಬಿಡ್ಲಿ. ಜನರೇಟರ್‌ಗೆ ಹೈಡ್ರೋಜನ್ ತುಂಬುವಾಗ ಮೊದಲು ಗಾಳಿನ ಕಾರ್ಬನ್ ಡೈಆಕ್ಸೈಡಿಂದ ಹೊರಗೆ ಹಾಕಿ ಆಮೇಲೇ ಹೈಡ್ರೋಜನ್, ತೆಗೆಯುವಾಗ ಅದೇ ಉಲ್ಟಾ, ಗಾಳಿ, ಹೈಡ್ರೋಜನ್ ಎರಡೂ ನೇರ ಸೇರಲೇಬಾರದು.

ಅಮ್ಮನಿಗೆ ಹೇಳಿ, ಇದು ಕಣ್ಣು ಮುಚ್ಕೊಂಡು ಮಾಡೋ ಕೆಲಸ ಅಲ್ಲ, ಆದ್ರೆ ಗೊತ್ತಿದ್ದು ಮಾಡೋರಿಗೆ ಮಾಡಬಹುದಾದ ಕೆಲಸ. ತಮ್ಮ ಮೊದಲನೇ ವಾರನೇ ಅಲ್ಲಿನ ಹಳೇ ಟೆಕ್ನಿಷಿಯನ್ ಯಾರನ್ನಾದ್ರೂ ಪಕ್ಕಕ್ಕೆ ಕರೆದು ಕೇಳ್ಲಿ, ಅಣ್ಣಾ, ಸೀಲ್ ಆಯಿಲ್ ಡಿಸಿ ಪಂಪ್ ಕೊನೇ ಸಲ ಓಡಿಸಿ ನೋಡಿದ್ದು ಯಾವಾಗ ಅಂತ. ತಾರೀಖು ಸಮೇತ ಉತ್ತರ ಬಂದ್ರೆ ಅವರ ಹತ್ರನೇ ಕೆಲಸ ಕಲೀಲಿ.